ಶಾಲೆಯಲ್ಲಿ ಮೊಹರಂ ಪಾಠ: ಮಕ್ಕಳು ಕೇಳಿದರೆ ಏನು ಹೇಳೋಣ?



ಮೊಹರಂ ಬಂತೆಂದರೆ ನಮ್ಮ ಮಾಗಳ, ಹಡಗಲಿ, ಹರಪನಹಳ್ಳಿ ಕಡೆ ಮಕ್ಕಳ ಕೊರಳಲ್ಲಿ ಲಾಡಿ ಕಾಣುತ್ತದೆ. ಹರಕೆ ಹೊತ್ತ ತಾಯಂದಿರು ಮಕ್ಕಳನ್ನು ಫಕೀರರನ್ನಾಗಿ ಮಾಡ್ತಾರೆ, ಅಲಾಯಿ ದೇವರಿಗೆ ಸಕ್ಕರೆ ಓದಿಸ್ತಾರೆ. ಅವರೆಲ್ಲ ಮುಸ್ಲಿಮರೇ ಅಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಅಲಾಯಿ ಕುಣಿ ತೋಡುವುದುಂಟು. ಆದರೆ "ಇದನ್ನ ಯಾಕೆ ಮಾಡ್ತೀವಿ ಅವ್ವಾ?" ಅಂತ ಮಗು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿಗೆ ಉತ್ತರ ಗೊತ್ತು?

ಒಂದು ಸಂಘದ ವಾರದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ಮೇಷ್ಟ್ರು ಕ್ಲಾಸಿನಲ್ಲಿ ಮೊಹರಂ ಕಥೆ ಹೇಳಿದರಂತೆ. ನಮ್ಮ ಮಕ್ಕಳಿಗೆ ಬೇರೆ ಧರ್ಮ ಕಲಿಸೋದು ಸರೀನಾ?" ಅವರ ಆತಂಕ ನಮಗೆ ಅರ್ಥವಾಗುತ್ತದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಇರಕೂಡದು. ಆದರೆ ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದಕ್ಕೆ ಅಡ್ಡಿಯಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಾರ್ಥನೆ ಮಾಡಿಸುವುದು ಬೇರೆ, ಇತಿಹಾಸ ತಿಳಿಸುವುದು ಬೇರೆ.

ಇತಿಹಾಸ ಇಷ್ಟು. ಕ್ರಿ.ಶ. 680ರಲ್ಲಿ, ಈಗಿನ ಇರಾಕ್ ದೇಶದ ಕರ್ಬಲಾದಲ್ಲಿ, ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರನ್ನು ಕೊಂದರು. ಯಜೀದನೆಂಬ ದೊರೆಯ ಅಧಿಕಾರವನ್ನು ಅವರು ಒಪ್ಪಲಿಲ್ಲ, ಅದೇ ಅವರ ತಪ್ಪಾಯಿತು. ಜೊತೆಗಿದ್ದವರು ಸುಮಾರು ಎಪ್ಪತ್ತು ಜನ. ಎದುರಿಗೆ ದೊಡ್ಡ ಸೈನ್ಯ. ಯೂಫ್ರೆಟಿಸ್ ನದಿ ಹತ್ತಿರವೇ ಇದ್ದರೂ ಹೆಂಗಸರಿಗೆ, ಮಕ್ಕಳಿಗೆ ನೀರು ಸಿಗದಂತೆ ತಡೆದರು. ತುಂಗಭದ್ರೆಯ ದಂಡೆಯಲ್ಲಿ ಬೆಳೆಯುವ ಮಾಗಳದ ಮಕ್ಕಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕೇ? ಮೊಹರಂನಲ್ಲಿ ನೀರು, ಪಾನಕ ಹಂಚುವುದು ಆ ಬಾಯಾರಿಕೆಯ ನೆನಪಿಗೇ. ಅಲಾಯಿಯ ಹಸ್ತದ ಐದು ಬೆರಳೆಂದರೆ ಪ್ರವಾದಿ, ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್, ಹುಸೇನ್ ಎಂದು ಹೇಳುವುದುಂಟು.

ಇಲ್ಲಿ ಶಿಕ್ಷಕರೂ ಎಡವುವುದುಂಟು. ಇದು ದುಃಖದ ದಿನ, "ಹ್ಯಾಪಿ ಮೊಹರಂ" ಅನ್ನುವುದು ಸಲ್ಲದು. ಎಲ್ಲ ಮುಸ್ಲಿಮರೂ ಅಲಾಯಿ ಕೂರಿಸುವುದಿಲ್ಲ. ಶಿಯಾ ಜನ ಶೋಕ ಆಚರಿಸಿದರೆ, ಸುನ್ನಿಗಳಲ್ಲಿ ಅನೇಕರು ಉಪವಾಸವಷ್ಟೇ ಮಾಡ್ತಾರೆ, ಅಲಾಯಿಯನ್ನು ಒಪ್ಪದವರೂ ಇದ್ದಾರೆ. ಹಾಗಾಗಿ ಕ್ಲಾಸಿನಲ್ಲಿರುವ ಒಬ್ಬಳೇ ಮುಸ್ಲಿಂ ಹುಡುಗಿಯನ್ನು ಎಬ್ಬಿಸಿ "ನಿಮ್ಮ ಹಬ್ಬದ ಬಗ್ಗೆ ಹೇಳು" ಅಂದರೆ ಆ ಮಗು ಎಷ್ಟು ಮುದುಡಬಹುದು, ಯೋಚಿಸಿ. ತಾನಾಗಿ ಹೇಳಿದರೆ ಹೇಳಲಿ. ಲಾಡಿ ಹಾಕಿಕೊಂಡು ಬಂದ ಮಗುವನ್ನು ಗೇಲಿ ಮಾಡುವುದೂ ನಿಲ್ಲಬೇಕು. ಎಸ್‌ಡಿಎಂಸಿಯಲ್ಲಿರುವ ನಮ್ಮ ಸದಸ್ಯೆಯರು ಈ ಎರಡು ಮಾತನ್ನು ಮುಂದಿನ ಸಭೆಯಲ್ಲಿ ಎತ್ತಬಹುದು.

ಮನೆಯಲ್ಲಿ ಮಕ್ಕಳಿಗೆ ಒಂದು ಲೆಕ್ಕ ಕೊಡಿ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಅದಕ್ಕೇ ಮೊಹರಂ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ: 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಹಾಗಾದರೆ ಅವ್ವ ಹುಟ್ಟಿದ ವರ್ಷ ಮೊಹರಂ ಯಾವ ತಿಂಗಳಲ್ಲಿ ಬಂದಿತ್ತು? ಅಜ್ಜಿಯನ್ನೂ ಕೇಳಲಿ, ಆಗ ಮಳೆಗಾಲವೋ ಸುಗ್ಗಿಯೋ ಅಂತ.