ಫಿರಂಗಿ ಇಳಿಸಿ ಗಾಜು ಏರಿಸಿದ ವಿಮಾನ

ತೊರಪಲ್ಲಿ ಅಗ್ರಹಾರಕ್ಕೆ ಹೋಗುವವರು ರಾಜಾಜಿ ಹುಟ್ಟಿದ ಮನೆ ನೋಡಿ ಹಿಂದಿರುಗುತ್ತಾರೆ. ಆದರೆ ಆ ಊರಿರುವ ಹೊಸೂರು ಸೀಮೆಗೆ ವಿಮಾನದ ನಂಟೂ ಇದೆ. ಬೆಳಗೊಂಡಪಲ್ಲಿಯಲ್ಲಿ ತನೇಜಾ ಏರೋಸ್ಪೇಸ್ ಇಟಲಿ ಮಾದರಿಯ ಆರು ಸೀಟಿನ ಪುಟ್ಟ ವಿಮಾನ ಕಟ್ಟಿದ್ದು ಈಚಿನ ಮಾತು. ಅದಕ್ಕೂ ಮೊದಲು, ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಯುದ್ಧದ ಬಾಂಬರ್‌ಗಳನ್ನೇ ಬಿಚ್ಚಿ ಜೋಡಿಸುತ್ತಿದ್ದರು.

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ರಿಪೇರಿ ಡಿಪೋ ಆಯಿತು. ಕ್ಯಾಟಲಿನಾ ಎಂಬ ಜಲವಿಮಾನಗಳು ಬೆಳ್ಳಂದೂರು ಕೆರೆಯ ನೀರಿಗೆ ಇಳಿಯುತ್ತಿದ್ದವು (ಈಚಿನ ವರ್ಷಗಳ ನೊರೆ ನೋಡಿದವರು ನಂಬುವುದು ಕಷ್ಟ). ಓವರ್‌ಹಾಲ್‌ಗೆ ಬಂದವುಗಳಲ್ಲಿ ಎರಡು ಎಂಜಿನ್ನಿನ ಮಧ್ಯಮ ಬಾಂಬರ್ ಬಿ-25 ಮಿಚೆಲ್ ಕೂಡ ಇತ್ತು.

ಮಿಚೆಲ್‌ನ ಕಥೆಯೆಲ್ಲ ಅದರ ಮೂಗಿನಲ್ಲಿದೆ. 'ಎಚ್' ಮಾದರಿಯ ಮೂಗಿಗೆ 75 ಮಿಲಿಮೀಟರ್ ಫಿರಂಗಿಯನ್ನೇ ತುರುಕಿದ್ದರು. ಗುಂಡನ್ನು ಒಂದೊಂದಾಗಿ ಕೈಯಿಂದ ತುಂಬಬೇಕು. ಗುರಿಯತ್ತ ನುಗ್ಗುವಷ್ಟರಲ್ಲಿ ಹಾರುತ್ತಿದ್ದದ್ದು ನಾಲ್ಕಾರು ಮಾತ್ರ. ಸದ್ದು ಜಾಸ್ತಿ, ಕೆಲಸ ಕಡಿಮೆ. ಕೊನೆಯ ಮಾದರಿ 'ಜೆ' ಬಂದಾಗ ಎಂಜಿನಿಯರ್‌ಗಳು ಫಿರಂಗಿ ಇಳಿಸಿ, ಬಾಂಬು ಗುರಿಯಿಡುವವನಿಗೆ ಮತ್ತೆ ಗಾಜಿನ ಮೂಗು ಕೊಟ್ಟರು. ಆಮೇಲೆ ಕೆಲವಕ್ಕೆ ಎಂಟು ಮೆಷಿನ್ ಗನ್ನಿನ ಗಟ್ಟಿ ಮೂಗು ಬಂತು. ಒಟ್ಟು ಹತ್ತು ಸಾವಿರದ ಹತ್ತಿರ ತಯಾರಾದ ಮಿಚೆಲ್‌ಗಳಲ್ಲಿ 4,300ಕ್ಕೂ ಹೆಚ್ಚು 'ಜೆ'ಗಳೇ. ಅವನ್ನು ಕಟ್ಟಿದ್ದು ಕಾನ್ಸಾಸ್ ಸಿಟಿಯಲ್ಲಿ. ಮಾಡಿದ ಎಡವಟ್ಟನ್ನು ಒಪ್ಪಿಕೊಂಡ ವಿಮಾನ ಎಂದೇ ನನಗೆ ಅದರ ಮೇಲೆ ಪ್ರೀತಿ.

ಬರ್ಮಾದ ರೈಲು ಸೇತುವೆಗಳಿಗೆ ಮಿಚೆಲ್ ಯಮನಾಯಿತು. ಅದೂ ಆಕಸ್ಮಿಕದಿಂದ. 1944ರ ಜನವರಿ 1ರಂದು ಮೂ ನದಿಯ ಸೇತುವೆ ಮೇಲೆ ತಗ್ಗಿನಲ್ಲಿ ಹಾರುತ್ತಿದ್ದ ಮಿಚೆಲ್ ಪೈಲಟ್ ಮೇಜರ್ ಎರ್ಡಿನ್, ಎದುರಾದ ಮರ ತಪ್ಪಿಸಲು ಮೂತಿ ಮೇಲೆತ್ತಿ ಬಾಂಬು ಬಿಟ್ಟರು. ಎಷ್ಟೋ ದಾಳಿಗೆ ಜಗ್ಗದ ಸೇತುವೆ ಕುಸಿಯಿತು. ಅವರ ಸ್ಕ್ವಾಡ್ರನ್ ಆ ವಿಧಾನವನ್ನೇ ಅಭ್ಯಾಸ ಮಾಡಿಕೊಂಡಿತು.

ಯುದ್ಧ ಮುಗಿದು ಅಮೆರಿಕನ್ನರು ಹೋದರು. ರಿಪೇರಿ ಕಲಿತ ಕೈಗಳು ಇಲ್ಲೇ ಉಳಿದವು. ರಾಜಾಜಿ ಗವರ್ನರ್ ಜನರಲ್ ಆದ 1948ರಲ್ಲಿ, ಬ್ರಿಟಿಷರು ಬೇಕೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಭಾರೀ ಬಾಂಬರ್ ಲಿಬರೇಟರ್‌ಗಳನ್ನು ಅವೇ ಕೈಗಳು ಹಾರುವಷ್ಟು ಸರಿಪಡಿಸಿದವು. ಟೆಸ್ಟ್ ಪೈಲಟ್ ಜಿಮ್ಮಿ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಆ ವಿಮಾನಗಳು 1968ರ ತನಕ ಭಾರತೀಯ ವಾಯುಪಡೆಯಲ್ಲಿ ಹಾರಿದವು.