ಬೆಂಗಳೂರು ತೆರೆದ ದಾರಿ, ಗ್ಲಾಸ್ಗೋದ ಹತ್ತನೇ ನಂಬರ್

ಭಾರತದ ಹೆಣ್ಣುಮಗಳೊಬ್ಬಳು ಮೊದಲ ಸಲ ವಿದೇಶಿ ಫುಟ್‌ಬಾಲ್ ಕ್ಲಬ್ಬಿನ ಜೊತೆ ವೃತ್ತಿಪರ ಕರಾರಿಗೆ ಸಹಿ ಹಾಕಿದ್ದು ಯಾವಾಗ ಗೊತ್ತಾ? 2020ರ ಜನವರಿಯಲ್ಲಿ. ಆಟಗಾರ್ತಿ ಮಣಿಪುರದ ಬಾಲಾ ದೇವಿ. ಕ್ಲಬ್ಬು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರೇಂಜರ್ಸ್.

ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. 2019ರಲ್ಲಿ ಬೆಂಗಳೂರು ಎಫ್‌ಸಿ ಮತ್ತು ರೇಂಜರ್ಸ್ ಕೈಜೋಡಿಸಿದವು. ಆ ನಂಟಿನಿಂದಲೇ ಬಾಲಾಗೆ ಗ್ಲಾಸ್ಗೋದಲ್ಲಿ ಟ್ರಯಲ್ಸ್ ಸಿಕ್ಕಿತು. ಆಗ ಅವರಿಗೆ 29 ವರ್ಷ. ಚಿಕ್ಕಂದಿನಲ್ಲಿ ಹುಡುಗರ ಜೊತೆ ಆಡಿ ಪಳಗಿದವರು, ಮಣಿಪುರ ಪೊಲೀಸ್‌ನಲ್ಲಿ ನೌಕರಿ. ರೇಂಜರ್ಸ್ ಕೊಟ್ಟಿದ್ದು 18 ತಿಂಗಳ ಕರಾರು, ಬೆನ್ನಿಗೆ 10ನೇ ನಂಬರ್ ಜೆರ್ಸಿ.

ಅಷ್ಟರಲ್ಲಿ ಕೊರೊನಾ ಬಂತು, ಆಟ ನಿಂತಿತು. ಊರು ದೂರ, ಚಳಿ ಬೇರೆ. ಬಾಲಾ ಕಾದರು. 2020ರ ಡಿಸೆಂಬರ್ 6, ಮದರ್‌ವೆಲ್ ವಿರುದ್ಧ ಪಂದ್ಯ. ಬದಲಿ ಆಟಗಾರ್ತಿಯಾಗಿ ಇಳಿದವರು ಗೋಲು ಹೊಡೆದೇ ಬಿಟ್ಟರು! ರೇಂಜರ್ಸ್ 9-0 ಗೆಲುವು.

ಬಾಲಾ ಹಾದಿಯಲ್ಲೇ 2022ರಲ್ಲಿ ಪಕ್ಕದ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ತಾಂಡಾ ಹುಡುಗಿ ಸೌಮ್ಯಾ ಗುಗುಲೋತ್ ಕ್ರೊಯೇಷಿಯಾದ ದಿನಾಮೊ ಝಾಗ್ರೆಬ್ ಕ್ಲಬ್ ಸೇರಿದರು. ತಾಂಡಾದ ಹುಡುಗಿ! ನಮ್ಮ ಮಸ್ಕಿ, ಲಿಂಗಸುಗೂರಿನ ಸುತ್ತ ಎಷ್ಟು ತಾಂಡಾಗಳಿಲ್ಲ ಹೇಳಿ?

ದಢೇಸುಗೂರು, ಸಿಂಧನೂರು ಕಡೆಯ ಪಿ.ಟಿ. ಮಾಸ್ತರೇ, ಅವ್ವ-ಅಪ್ಪಂದಿರೇ, ನಿಮ್ಮಲ್ಲಿ ಒಂದೇ ಬಿನ್ನಹ. ಶಾಲೆಯಲ್ಲಿ ಹುಡುಗಿಯರಿಗೂ ಒಂದು ಫುಟ್‌ಬಾಲ್ ತಂಡ ಕಟ್ಟಿ. ಸಂಜೆ ಒಂದು ತಾಸು ಮೈದಾನ ಅವರಿಗೆ ಬಿಟ್ಟುಕೊಡಿ.