ಹಾಡುಹಕ್ಕಿಗಳ ಮೈಗೆ ಉಣುಗು ಹತ್ತುವ ಕಾಲ

ಮಲೆನಾಡಿನ ಕಾಡಿನಲ್ಲಿ ಹಕ್ಕಿಗಳಿಗೆ ಉಣುಗು ಹತ್ತುವುದು ಮಳೆಗಾಲ ಕಳೆದ ಮೇಲೆ. ಇಲ್ಲಿನ ಮುಖ್ಯ ಜಾತಿ ಹೀಮಾಫೈಸಾಲಿಸ್ ಸ್ಪೈನಿಜೆರಾ. ಇದರ ಬಲಿತ ಹೆಣ್ಣು ಮಳೆಗಾಲದಲ್ಲಿ ದನಕರುಗಳ ರಕ್ತ ಹೀರಿ ಉದುರಿ, ತರಗೆಲೆಯಡಿ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಅಕ್ಟೋಬರ್ ಹೊತ್ತಿಗೆ ಸಾಸಿವೆ ಕಾಳಿಗಿಂತ ಚಿಕ್ಕದಾದ, ಆರು ಕಾಲಿನ ಮರಿಗಳು ಹುಲ್ಲು, ಕುರುಚಲುಗಳ ತುದಿಯೇರಿ ಗುಂಪಾಗಿ ಕಾಯುತ್ತವೆ. ಒಮ್ಮೆ ರಕ್ತ ಕುಡಿದು ಪೊರೆ ಕಳಚಿದರೆ ಅದು ಎಂಟು ಕಾಲಿನ ಎಳೆ ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ.

ಹಕ್ಕಿಗೆ ಹತ್ತುವುದು ಹೆಚ್ಚಾಗಿ ಈ ಎರಡು ಎಳೆಯ ಹಂತಗಳೇ. ಮರದ ನೆತ್ತಿಯಲ್ಲಿ ಹುಳ ಹಿಡಿಯುವ ಹಕ್ಕಿಗೆ ಕಾಟ ಕಡಿಮೆ; ತರಗೆಲೆ ಕೆದಕುವ ಹರಟೆಮಲ್ಲ, ಕಿತ್ತಳೆ ತಲೆಯ ಥ್ರಷ್, ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗ ಇವುಗಳಿಗೆ ಅಪಾಯ ಹೆಚ್ಚು. ಮೈಮೇಲಿನ ಉಣುಗನ್ನು ಹಕ್ಕಿ ಕೊಕ್ಕಿನಿಂದ ಹೆಕ್ಕಿ ಹಾಕಬಲ್ಲದು. ಆದರೆ ತನ್ನ ತಲೆಗೆ ತನ್ನ ಕೊಕ್ಕು ಎಟುಕದು. ಹಾಗಾಗಿ ಕಣ್ಣಿನ ಸುತ್ತ, ಕಿವಿಯ ಬಳಿ, ಕೊಕ್ಕಿನ ಬುಡದಲ್ಲಿ ಉಣುಗು ಉಳಿದುಕೊಳ್ಳುತ್ತದೆ. ಹಿಮ್ಮುಖ ಮುಳ್ಳುಗಳಿರುವ ಬಾಯಿಯನ್ನು ಚರ್ಮಕ್ಕೆ ಚುಚ್ಚಿ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಸುರಿಸಿ, ಉಬ್ಬುವವರೆಗೆ ಹೀರುತ್ತದೆ. ಹರಟೆಮಲ್ಲಗಳು ಒತ್ತೊತ್ತಾಗಿ ಕೂತು ಒಂದರ ತಲೆಯನ್ನು ಇನ್ನೊಂದು ಹೆಕ್ಕುವುದು ಇದಕ್ಕೆ ಒಳ್ಳೆಯ ಮದ್ದು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದಾಗ ಸಂಶಯ ಹಕ್ಕಿಗಳತ್ತಲೂ ತಿರುಗಿತು. ಉಣುಗಿನಿಂದ ಹರಡುವ ಈ ಮಂಗನ ಕಾಯಿಲೆಯ ವೈರಸ್ ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್‌ಗೆ ಹತ್ತಿರದ್ದು. ವಲಸೆ ಹಕ್ಕಿಗಳೇ ಅದನ್ನು ತಂದಿರಬಹುದೆಂಬ ಊಹೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ಭಾರತದ ಹಕ್ಕಿ ವಲಸೆಯ ತಿಳಿವಳಿಕೆಗೆ ಅದರಿಂದಾದ ಲಾಭ ಬಹಳ. ಊಹೆ ಮಾತ್ರ ಸಾಬೀತಾಗಲಿಲ್ಲ.

ಉಣುಗು ಎಷ್ಟು ದೂರ ಹೋಗುತ್ತದೆ ಎಂಬುದು ಅದು ಎಷ್ಟು ದಿನ ಕಚ್ಚಿಕೊಂಡಿರುತ್ತದೆ ಎಂಬುದರ ಮೇಲೆ ನಿಂತಿದೆ. ಮಲೆನಾಡಿನ ಉಣುಗು ಪ್ರತಿ ಹಂತದಲ್ಲೂ ಕೆಲವೇ ದಿನ ಹೀರಿ ಉದುರುತ್ತದೆ. ಕಾಡಿನೊಳಗೇ ಓಡಾಡುವ ಹಕ್ಕಿ ಅದನ್ನು ಹೆಚ್ಚು ದೂರ ಒಯ್ಯದು. ಅರಬ್ ನಾಡಿನ ಮೇಲೆ ಹಾಯುವ ವಲಸೆ ಹಕ್ಕಿಗಳ ಮೈಮೇಲಿನ ಹಯಲೋಮಾ ಕುಲದ ಉಣುಗಿನ ರೀತಿ ಬೇರೆ. ಅದರ ಕೆಲವು ಜಾತಿಗಳು ಎರಡೂ ಎಳೆಯ ಹಂತಗಳನ್ನು ಒಂದೇ ಹಕ್ಕಿಯ ಮೇಲೆ ವಾರಗಟ್ಟಲೆ ಕಳೆದು, ಸಮುದ್ರವನ್ನೂ ದಾಟುತ್ತವೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಸ್ ಮಂಗನ ಕಾಯಿಲೆಯ ವೈರಸ್‌ನ ಹತ್ತಿರದ ಬಂಧು. ವಲಸೆ ಹಕ್ಕಿಗಳಿಂದ ತೆಗೆದ ಹಯಲೋಮಾಗಳಲ್ಲಿ ಅದರ ಗುರುತು ಸಿಕ್ಕಿದೆ. ವಸಂತದಲ್ಲೂ ಶರತ್ಕಾಲದಲ್ಲೂ ಕತಾರ್‌ನಲ್ಲಿ ಹಾಡುಹಕ್ಕಿಗಳು ತಂಗುತ್ತವೆ. ಹಾಗಾಗಿ ಅಲ್ಲಿನ ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಾಗಲಿ ಮಲೆನಾಡಿನ ಸಾಗರದ ತೋಟದಲ್ಲಾಗಲಿ, ನೆಲಕ್ಕೆ ಬಿದ್ದ ಹಕ್ಕಿಯ ಮೈಯಲ್ಲಿ ಉಣುಗು ಕಂಡರೆ ಬರಿಗೈಯಲ್ಲಿ ಕೀಳಬೇಡಿ, ಉಗುರಿನಿಂದ ಹಿಸುಕಲೂ ಬೇಡಿ.